ಓದುಗರ ಪ್ರಶ್ನೆ: ಊರ ಗಲಾಟೆ ಮಧ್ಯೆ ಕ್ವಾಂಟಮ್ ಸೆನ್ಸರ್ ಹೆಂಗ್ ಕೆಲಸ ಮಾಡತ್ತೆ?

ಹೋದ ಸಂಚಿಕೇಲಿ ಕ್ವಾಂಟಮ್ ಸೆನ್ಸರ್ (ಪರಮಾಣು, ಬೆಳಕು ಇವುಗಳ ಕ್ವಾಂಟಮ್ ಗುಣ ಬಳಸಿ ಅಳೆಯೋ ಸಾಧನ) ಬಗ್ಗೆ ನಾಲ್ಕು ಸಾಲು ಬರೀತಾ, ಇವು ಲ್ಯಾಬಲ್ಲಿ ಚೆನ್ನಾಗಿ ನಡೆಯತ್ತೆ, ರೋಡಿಗೆ ತಂದ್ರೆ ನಾಯ್ಸಲ್ಲಿ, ಅಂದ್ರೆ ಬೇಡದ ಏರುಪೇರಲ್ಲಿ, ಮುಳುಗಿ ಹೋಗತ್ತೆ ಅಂತ ಒಂದು ಮಾತು ಹಾಕಿದ್ದೆ. ಅದನ್ನೇ ಹಿಡ್ಕೊಂಡು ಬಂದಿರೋ ಪ್ರಶ್ನೆಗಳು ಇವು. ಒಂದೇ ಥರ ಇದ್ದಿದ್ದನ್ನ ಸೇರಿಸಿದೀನಿ, ಹೆಸರು ಹಾಕಿಲ್ಲ, ಏರಿಯಾ ಮಾತ್ರ ಹಾಕಿದೀನಿ.

ಪ್ರಶ್ನೆ: ಕ್ವಾಂಟಮ್ ಸೆನ್ಸರ್ ಅಂದ್ರೆ ಅತೀ ಸೂಕ್ಷ್ಮ ಅಂತೀರಾ. ಅಷ್ಟು ಸೂಕ್ಷ್ಮ ಇದ್ಮೇಲೆ ನಾಯ್ಸ್ ಯಾಕೆ ತೊಂದ್ರೆ ಕೊಡತ್ತೆ? ಸೂಕ್ಷ್ಮ ಇದ್ದಷ್ಟೂ ಒಳ್ಳೇದಲ್ವಾ? (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಯಶವಂತಪುರ)

ಸೂಕ್ಷ್ಮ ಇರೋದೇ ತೊಂದ್ರೆ ಕಣಮ್ಮ. ಅದಕ್ಕೆ ಎಲ್ಲಾನೂ ಗೊತ್ತಾಗತ್ತೆ, ಬೇಕಾಗಿದ್ದೂ ಬೇಡದ್ದೂ.

ಒಂದು ಉದಾಹರಣೆ ಇಟ್ಕೊಂಡು ಹೋಗೋಣ, ಮುಂದಿನ ಉತ್ತರಗಳಿಗೂ ಅದೇ ಸಾಕು. ವಜ್ರದ ಹರಳಲ್ಲಿ ಅಕ್ಕಪಕ್ಕ ಇರೋ ಎರಡು ಕಾರ್ಬನ್ ಜಾಗದಲ್ಲಿ ಒಂದಕ್ಕೆ ನೈಟ್ರೋಜನ್ ಪರಮಾಣು ಬಂದು ಕೂತು ಇನ್ನೊಂದು ಖಾಲಿ ಉಳಿದಿದ್ರೆ ಅದನ್ನ ಎನ್‌ವಿ ಸೆಂಟರ್ ಅಂತಾರೆ. ಅದರ ಮೇಲೆ 532 ನ್ಯಾನೋಮೀಟರಿನ ಹಸಿರು ಲೇಸರ್ ಬಿಟ್ರೆ ಕೆಂಪಗೆ ಹೊಳೆಯತ್ತೆ, ಹೊಳೀತಾ ಇರುವಾಗಲೇ 2.87 ಗಿಗಾಹರ್ಟ್ಸ್ ಮೈಕ್ರೋವೇವ್ ಕೊಟ್ರೆ ಆ ಕೆಂಪು ಒಂಚೂರು ಮಂಕಾಗತ್ತೆ (ಗ್ರಾಫಲ್ಲಿ ಕಾಣೋ ಈ ತಗ್ಗಿಗೇ ಡಿಪ್ ಅನ್ನೋದು). ಅಯಸ್ಕಾಂತ ಕ್ಷೇತ್ರ ಇದ್ರೆ ಮಂಕಾಗೋ ಫ್ರೀಕ್ವೆನ್ಸಿ ಎರಡಾಗಿ ಒಡ್ಕೊಂಡು ಒಂದು ಮೇಲೆ ಒಂದು ಕೆಳಗೆ ಹೋಗತ್ತೆ, ಎನ್‌ವಿ ಇರೋ ದಿಕ್ಕಲ್ಲಿ ಒಂದು ಮೈಕ್ರೋಟೆಸ್ಲಾ ಕ್ಷೇತ್ರ ಇದ್ರೆ ಒಂದೊಂದೂ 28 ಕಿಲೋಹರ್ಟ್ಸ್ ಸರಿಯತ್ತೆ. ಫ್ರೀಕ್ವೆನ್ಸಿ ಅಳೆದ್ರೆ ಕ್ಷೇತ್ರ ಅಳೆದಂಗೆ. ಇದಕ್ಕೆ ಫ್ರಿಜ್ಜೂ ಬೇಡ, ಹೀಲಿಯಮ್ಮೂ ಬೇಡ, ಮಾಮೂಲಿ ರೂಮಲ್ಲೇ ನಡೆಯತ್ತೆ, ಅದಕ್ಕೇ ಎಲ್ರಿಗೂ ಇದರ ಮೇಲೆ ಪ್ರೀತಿ.

ಈಗ ಈ ವಜ್ರ ಇಟ್ಕೊಂಡು ಒಬ್ಬರ ಹೃದಯದ ಬಡಿತ ಹಿಡೀಬೇಕು ಅನ್ಕೊಳ್ಳಿ. ಎದೆ ಹತ್ರ ಹೃದಯದ ಅಯಸ್ಕಾಂತ ಕ್ಷೇತ್ರ ನೂರು ಪಿಕೋಟೆಸ್ಲಾ ಒಳಗೇ ಇರತ್ತೆ. ನಮ್ಮ ಮೆಟ್ರೋ ಓಡೋದು 750 ವೋಲ್ಟ್ ಡಿಸಿ ಥರ್ಡ್ ರೈಲಲ್ಲಿ, ಟ್ರೈನ್ ಹೊರಡುವಾಗ ಸಾವಿರಾರು ಆಂಪಿಯರ್ ಕರೆಂಟ್ ಎಳೆಯತ್ತೆ. ಬರೀ ಒಂದು ಸಾವಿರ ಅಂತಾನೇ ಇಟ್ಕೊಂಡು, ಥರ್ಡ್ ರೈಲಲ್ಲಿ ಹೋಗಿ ಒಂದೂವರೆ ಮೀಟರ್ ಆಚೆ ಇರೋ ಹಳೀಲಿ ವಾಪಸ್ ಬರತ್ತೆ ಅಂತ ಲೆಕ್ಕ ಹಾಕಿ ನೋಡಿ, ನೂರು ಮೀಟರ್ ದೂರದಲ್ಲಿ ಹತ್ತಿರ ಹತ್ತಿರ 30 ನ್ಯಾನೋಟೆಸ್ಲಾ ಬರತ್ತೆ. ಅಂದ್ರೆ ಹೃದಯಕ್ಕಿಂತ ಮುನ್ನೂರು ಪಟ್ಟು. ಕರೆಂಟ್ ಒಂಚೂರು ನೆಲಕ್ಕೆ ಸೋರಿದ್ರೆ ಇನ್ನೂ ಜಾಸ್ತಿ. ಇದು ಬರೀ ಪೇಪರ್ ಲೆಕ್ಕ ಅಲ್ಲ, ಅಮೆರಿಕದ ಬರ್ಕ್ಲಿ ಊರಲ್ಲಿ ಮ್ಯಾಗ್ನೆಟೋಮೀಟರ್ ಇಟ್ಟು ನೋಡಿದವರಿಗೆ ಅಲ್ಲಿನ ಬಾರ್ಟ್ ಟ್ರೈನ್ ಓಡಾಟ ಸ್ಪಷ್ಟವಾಗಿ ಕಂಡಿದೆ, ರಾತ್ರಿ ಟ್ರೈನ್ ನಿಂತ ಮೇಲೆ ಗೆರೆ ತಣ್ಣಗಾಗಿದೆ. ಇದರ ಜೊತೆಗೆ ಮನೆ ವೈರಿಂಗಿನ 50 ಹರ್ಟ್ಸ್, ಲಿಫ್ಟು, ಪಕ್ಕದ ರೂಮಲ್ಲಿ ಯಾರೋ ಎಳೆದ ಕಬ್ಬಿಣದ ಕುರ್ಚಿ, ಎಲ್ಲಕ್ಕಿಂತ ದೊಡ್ಡದಾಗಿ ಭೂಮಿದೇ ಸುಮಾರು 40 ಮೈಕ್ರೋಟೆಸ್ಲಾ.

ಇದು ಹೊರಗಡೆಯಿಂದ ಬರೋ ನಾಯ್ಸ್. ಒಳಗಡೆದು ಬೇರೆ ಇದೆ. ಎನ್‌ವಿ ಸುತ್ತ ಇರೋ ಬೇರೆ ಪರಮಾಣುಗಳು ಅದರ ಸ್ಪಿನ್ನನ್ನ (ಒಳಗಿನ ಪುಟ್ಟ ಅಯಸ್ಕಾಂತ ಅನ್ಕೊಳ್ಳಿ) ಅಲ್ಲಾಡಿಸಿ ಅಲ್ಲಾಡಿಸಿ ಅದು ಅಲ್ಲೀವರೆಗೆ ಕೂಡಿಟ್ಟಿದ್ದ ಫೇಸ್, ಅಂದ್ರೆ ಎಷ್ಟು ತಿರುಗಿದೆ ಅನ್ನೋ ಲೆಕ್ಕ, ಅಳಿಸಿ ಹಾಕತ್ತೆ, ಇದು ಡಿಕೊಹೆರೆನ್ಸ್. ಕೊನೇಲಿ ಬೆಳಕು ಎಣಿಸುವಾಗ ಫೋಟಾನ್‌ಗಳು ತಾವೇ ಏರುಪೇರಾಗಿ ಬರೋ ಶಾಟ್ ನಾಯ್ಸ್ ಇನ್ನೊಂದು. ಈ ಫೀಲ್ಡಲ್ಲಿ ನಡೀತಿರೋ ಕೆಲಸ ಎಲ್ಲಾ ನೋಡಿದ್ರೆ ನಂಗೆ ಅನ್ಸೋದು ಇಷ್ಟೇ: ಸೆನ್ಸರಿಗೆ ಯಾವುದು ಸಿಗ್ನಲ್ ಯಾವುದು ನಾಯ್ಸ್ ಅಂತ ಗೊತ್ತಿಲ್ಲ, ಇವೆರಡರ ಮಧ್ಯೆ ಏನಾದ್ರೂ ಒಂದು ವ್ಯತ್ಯಾಸ ನಾವು ಹುಡುಕಿಕೊಡ್ಬೇಕು, ಫ್ರೀಕ್ವೆನ್ಸಿದೋ ಜಾಗದ್ದೋ ದಿಕ್ಕಿಂದೋ. ಯಾವ ವ್ಯತ್ಯಾಸಾನೂ ಇಲ್ಲ ಅಂದ್ರೆ ಎಷ್ಟೇ ಕ್ವಾಂಟಮ್ ಸರ್ಕಸ್ ಮಾಡಿದ್ರೂ ಗಿಟ್ಟಲ್ಲ.

ಪ್ರಶ್ನೆ: ವಜ್ರದ ಸೆನ್ಸರ್ ಅಂತ ಓದಿದ ಮೇಲೆ ನನ್ನ ಹೆಂಡತಿ ಉಂಗುರದಲ್ಲೂ ಇದು ಇರತ್ತಾ ಅಂತ ಡೌಟು. (ನಿವೃತ್ತ ಬ್ಯಾಂಕ್ ಉದ್ಯೋಗಿ, ಬಸವನಗುಡಿ)

ಅಲ್ಲೊಂದು ಇಲ್ಲೊಂದು ಎನ್‌ವಿ ಇದ್ರೂ ಇರಬಹುದು ಸಾರ್, ಆದ್ರೆ ಅದನ್ನ ನಂಬ್ಕೊಂಡು ಸೆನ್ಸರ್ ಮಾಡಕ್ಕಾಗಲ್ಲ. ನೆಲದಿಂದ ತೆಗೆದ ವಜ್ರಗಳಲ್ಲಿ ಹೆಚ್ಚಿನವುಗಳಲ್ಲಿ ನೈಟ್ರೋಜನ್ ಗುಂಪುಗುಂಪಾಗಿ ಸೇರ್ಕೊಂಡಿರತ್ತೆ, ನಮಗೆ ಬೇಕಾಗಿರೋದು ಬಿಡಿಬಿಡಿಯಾಗಿ ಕೂತಿರೋದು. ಅದಕ್ಕೆ ಲ್ಯಾಬಲ್ಲಿ ಬೆಳೆಸಿದ ವಜ್ರ ತಗೊಂಡು, ಎಲೆಕ್ಟ್ರಾನ್ ಬೀಮಿಂದ ಹೊಡೆದು ಒಳಗೆ ಖಾಲಿ ಜಾಗ ಮಾಡಿ, ಆಮೇಲೆ 800 ಡಿಗ್ರಿಗೋ ಅದಕ್ಕಿಂತ ಜಾಸ್ತಿಗೋ ಕಾಯಿಸ್ತಾರೆ, ಆಗ ಆ ಖಾಲಿ ಜಾಗ ಓಡಾಡ್ಕೊಂಡು ಹೋಗಿ ನೈಟ್ರೋಜನ್ ಪಕ್ಕ ಸೇರ್ಕೊಳ್ಳತ್ತೆ. ವಜ್ರದ ಹೊಳಪು ಅಂದ್ರೆ ನಮ್ಮೂರಿಗೆ ಹೊಸದೇನೂ ಅಲ್ಲ ಬಿಡಿ, ಸಿ.ವಿ. ರಾಮನ್ ಅವರು 1940ರ ದಶಕದಲ್ಲಿ ಇದರ ಮೇಲೇ ಸಾಲುಸಾಲಾಗಿ ಪೇಪರ್ ಬರೆದಿದ್ರು, ಅವರು ವಜ್ರಗಳನ್ನ ಕೂಡಿಡ್ತಿದ್ದಿದ್ದು ಎಲ್ರಿಗೂ ಗೊತ್ತಿರೋ ವಿಷಯ. ಉಂಗುರ ಉಂಗುರವಾಗೇ ಇರ್ಲಿ.

ಪ್ರಶ್ನೆ: ಸ್ಪಿನ್ ಎಕೋ ಮಾಡಿದ್ರೆ ನಾಯ್ಸ್ ಕ್ಯಾನ್ಸಲ್ ಆಗತ್ತೆ ಅಂತ ಕ್ಲಾಸಲ್ಲಿ ಹೇಳಿದ್ರು. ನಾಯ್ಸ್ ಕ್ಯಾನ್ಸಲ್ ಆದ್ರೆ ಸಿಗ್ನಲ್ಲೂ ಕ್ಯಾನ್ಸಲ್ ಆಗ್ಬೇಕಲ್ವಾ? ಕೇಳಿದ್ದಕ್ಕೆ ಸಿಲಬಸ್ ಆಚೆ ಅಂದ್ಬಿಟ್ರು. (ಎಂಎಸ್ಸಿ ವಿದ್ಯಾರ್ಥಿ, ವಿಜಯನಗರ)

ಈ ಸಲ ಬಂದಿರೋದ್ರಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಇದೇ ಪ್ರಶ್ನೆ. ಹೌದು, ಸಿಗ್ನಲ್ ಬದಲಾಗದೆ ಸುಮ್ನೆ ನಿಂತಿದ್ರೆ ಅದೂ ಹೋಗತ್ತೆ, ಪೂರ್ತಿ ಹೋಗತ್ತೆ.

ಹಳೇ ಮಾರ್ಕೆಟ್‌ಗಳಲ್ಲಿ ತಕ್ಕಡಿ ಮೇಲೆ ಡೌಟ್ ಬಂದ್ರೆ ಅಜ್ಜಿಯಂದ್ರು ಏನ್ ಮಾಡಿಸ್ತಿದ್ರು ಗೊತ್ತಲ್ಲ, ಬದನೆಕಾಯಿ ಇದ್ದ ತಟ್ಟೆಗೆ ಕಲ್ಲು, ಕಲ್ಲಿದ್ದ ತಟ್ಟೆಗೆ ಬದನೆಕಾಯಿ ಹಾಕಿಸಿ ಇನ್ನೊಂದು ಸಲ ತೂಗಿಸ್ತಿದ್ರು. ತಕ್ಕಡಿ ದಂಡದಲ್ಲಿರೋ ಮೋಸ ಎರಡು ಸಲಾನೂ ಅದೇ ಕಡೆ ವಾಲತ್ತೆ, ಬದನೆಕಾಯಿ ಮಾತ್ರ ಕಡೆ ಬದಲಾಯಿಸತ್ತೆ, ಎರಡನ್ನೂ ಸೇರಿಸಿ ನೋಡಿದ್ರೆ ಮೋಸ ಕಳೆದುಹೋಗಿ ತೂಕ ಉಳಿಯತ್ತೆ. 1950ರಲ್ಲಿ ಎರ್ವಿನ್ ಹಾನ್ ತೋರಿಸಿದ ಎಕೋನೂ ಇದೇ ಲೆಕ್ಕ. ಸ್ಪಿನ್ನು ಸ್ವಲ್ಪ ಹೊತ್ತು ಫೇಸ್ ಕೂಡಿಹಾಕತ್ತೆ, ಮಧ್ಯದಲ್ಲಿ ಒಂದು ಪೈ ಪಲ್ಸ್ (ಅರ್ಧ ಸುತ್ತು ತಿರುಗಿಸೋ ಸಣ್ಣ ಹೊಡೆತ) ಕೊಟ್ಟು ಅದನ್ನ ಬುಡಮೇಲು ಮಾಡ್ತಾರೆ, ಆಮೇಲೆ ಕೂಡೋದು ಮೈನಸ್ ಲೆಕ್ಕಕ್ಕೆ ಬೀಳತ್ತೆ. ನಿಧಾನಕ್ಕೆ ಬದಲಾಗೋ ನಾಯ್ಸ್ ಎರಡೂ ಅರ್ಧದಲ್ಲಿ ಒಂದೇ ಥರ ಇರೋದ್ರಿಂದ ಹೊಡ್ಕೊಂಡು ಹೋಗತ್ತೆ. ಸಿಗ್ನಲ್ ಉಳೀಬೇಕು ಅಂದ್ರೆ ಅದೂ ಸರಿಯಾಗಿ ಆ ಪಲ್ಸ್ ಹೊತ್ತಿಗೇ ಪ್ಲಸ್ಸಿಂದ ಮೈನಸ್ಸಿಗೆ ತಿರುಗಬೇಕು.

ಹಂಗಾಗಿ ಎಕೋ ಅನ್ನೋದು ಬರೀ ಒರೆಸೋ ಬಟ್ಟೆ ಅಲ್ಲ, ಅದು ಒಂದು ಫಿಲ್ಟರ್. ಒಂದರ ಬದಲು ಸಾಲಾಗಿ ಪಲ್ಸ್ ಕೊಟ್ರೆ, ಅಂದ್ರೆ 1954ರ ಕಾರ್ ಮತ್ತು ಪರ್ಸೆಲ್ ಅವರ ಐಡಿಯಾ, ಅದನ್ನ 1958ರಲ್ಲಿ ಮೀಬೂಮ್ ಮತ್ತು ಗಿಲ್ ಸರಿಮಾಡಿದ್ದು, ಆಗ ಫಿಲ್ಟರ್ ಇನ್ನೂ ಚೂಪಾಗತ್ತೆ. ಪಲ್ಸ್ ಪಲ್ಸ್ ನಡುವೆ ಅರ್ಧ ಮೈಕ್ರೋಸೆಕೆಂಡ್ ಬಿಟ್ರೆ ಸೆನ್ಸರ್ ಕೇಳೋದು 1 ಮೆಗಾಹರ್ಟ್ಸ್ ಸುತ್ತಮುತ್ತದ್ದು, ಮೆಟ್ರೋನೂ ಇಲ್ಲ, 50 ಹರ್ಟ್ಸೂ ಇಲ್ಲ. ಮೂರು ಪಟ್ಟು ಐದು ಪಟ್ಟು ಫ್ರೀಕ್ವೆನ್ಸಿದು ಸ್ವಲ್ಪ ಒಳಗೆ ನುಸುಳತ್ತೆ, ಪಲ್ಸ್ ಸರಿಯಾಗಿಲ್ಲದಿದ್ರೆ ಇಲ್ಲದೇ ಇರೋ ಸಿಗ್ನಲ್ಲೂ ಕಾಣಿಸತ್ತೆ, ಅದು ಬೇರೆ ತಲೆನೋವು, ಥೀಸಿಸ್ ಬರೆಯೋರು ಇದರಲ್ಲಿ ತಿಂಗಳುಗಟ್ಲೆ ಕಳೀತಾರೆ.

ಲಾಭ ಎಷ್ಟು ಅಂದ್ರೆ, ಮಾಮೂಲಿ ಕಾರ್ಬನ್ನಲ್ಲಿ 1.1 ಪರ್ಸೆಂಟ್ ಕಾರ್ಬನ್-13 ಇರತ್ತೆ, ಅದರ ನ್ಯೂಕ್ಲಿಯಸ್ಸು ಒಂದು ಪುಟ್ಟ ಅಯಸ್ಕಾಂತ, ಎನ್‌ವಿ ನೆನಪು (ಫೇಸ್ ಅಳಿಯದೆ ಉಳಿಯೋ ಹೊತ್ತು) ಕೆಡಿಸೋದ್ರಲ್ಲಿ ಅದರದ್ದೇ ದೊಡ್ಡ ಕೈ. ಎಕೋ ಇಲ್ದಿದ್ರೆ ನೆನಪು ಕೆಲವೇ ಮೈಕ್ರೋಸೆಕೆಂಡ್ ನಿಲ್ಲತ್ತೆ, ಎಕೋ ಕೊಟ್ರೆ ನೂರಾರು ಮೈಕ್ರೋಸೆಕೆಂಡ್. ಆ ಕಾರ್ಬನ್-13ನ್ನೇ ಸೋಸಿ ತೆಗೆದು ಬೆಳೆಸಿದ ವಜ್ರದಲ್ಲಿ 2009ರಲ್ಲಿ ಸ್ಟಟ್‌ಗಾರ್ಟ್ ಗುಂಪು ರೂಮ್ ಟೆಂಪರೇಚರಲ್ಲೇ 1.8 ಮಿಲಿಸೆಕೆಂಡ್ ತನಕ ಎಳೀತು. ಇಲ್ಲಿ ನೋಡಿ, ಅರ್ಧ ಕೆಲಸ ಮಾಡಿದ್ದು ಪಲ್ಸು, ಇನ್ನರ್ಧ ಮಾಡಿದ್ದು ವಜ್ರ ಬೆಳೆಸಿದವರು, ಆದ್ರೆ ಸುದ್ದೀಲಿ ಬರೋದು ಪಲ್ಸಿನವರ ಹೆಸರೇ.

ಸರಿ, ನಿಮಗೆ ಅಳೀಬೇಕಾಗಿರೋದೇ ಬದಲಾಗದೆ ನಿಂತ ಕ್ಷೇತ್ರ ಆದ್ರೆ ಏನ್ ಮಾಡೋದು? 2018ರಲ್ಲಿ ಮೆಲ್ಬರ್ನಿನವರು ವಜ್ರವನ್ನೇ ಮೋಟರಿಗೆ ಕಟ್ಟಿ ಗಿರಗಿರ ತಿರುಗಿಸಿಬಿಟ್ರು. ಹೊರಗಿನ ಕ್ಷೇತ್ರ ನಿಂತೇ ಇದೆ, ಆದ್ರೆ ತಿರುಗ್ತಿರೋ ಎನ್‌ವಿ ಕಣ್ಣಿಗೆ ಅದು ಪ್ಲಸ್ ಮೈನಸ್ ಪ್ಲಸ್ ಮೈನಸ್ ಅಂತ ಕಾಣತ್ತೆ, ವಜ್ರದ ಒಳಗಿನ ನಾಯ್ಸು ವಜ್ರದ ಜೊತೆಗೇ ತಿರುಗೋದ್ರಿಂದ ಹಂಗೇ ಉಳಿಯತ್ತೆ. ಈಗ ಎಕೋ ಕೊಡಬಹುದು. ಅಜ್ಜಿ ಬದನೆಕಾಯಿ ಎತ್ತಿಡೋ ಬದಲು ತಕ್ಕಡೀನೇ ತಿರುಗಿಸಿದ ಹಾಗಾಯ್ತು.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಡೇಟಾ ಜಾಸ್ತಿ ತಗೊಂಡು ಆವರೇಜ್ ಮಾಡಿ, ಉಳಿದಿದ್ದು ಮಷೀನ್ ಲರ್ನಿಂಗಲ್ಲಿ ಕ್ಲೀನ್ ಮಾಡಿದ್ರೆ ಆಗಲ್ವಾ? (ಸಾಫ್ಟ್‌ವೇರ್ ಇಂಜಿನಿಯರ್, ಕೋರಮಂಗಲ)

ಅರ್ಧ ಆಗತ್ತೆ. ಒಂದಕ್ಕೊಂದು ಸಂಬಂಧ ಇಲ್ಲದ ನಾಯ್ಸ್ ಆದ್ರೆ ಆವರೇಜ್ ಮಾಡಿದಷ್ಟೂ ಕಮ್ಮಿ ಆಗತ್ತೆ, ಆದ್ರೆ ಸಮಯದ ವರ್ಗಮೂಲದ ಲೆಕ್ಕದಲ್ಲಿ, ಹತ್ತು ಪಟ್ಟು ಚೆನ್ನಾಗಿ ಬೇಕು ಅಂದ್ರೆ ನೂರು ಪಟ್ಟು ಹೊತ್ತು ಕಾಯ್ಬೇಕು. ಅದಕ್ಕಿಂತ ದೊಡ್ಡ ತೊಂದ್ರೆ ಡ್ರಿಫ್ಟ್, ಅಂದ್ರೆ ಅಳತೆ ನಿಧಾನಕ್ಕೆ ಸರೀತಾ ಹೋಗೋದು. ಸ್ವಲ್ಪ ಹೊತ್ತಾದ ಮೇಲೆ ಆವರೇಜ್ ಮಾಡ್ತಾ ಹೋದಷ್ಟೂ ಉತ್ತರ ಕೆಡ್ತಾ ಹೋಗತ್ತೆ, ಅದು ಯಾವಾಗಿಂದ ಶುರು ಅಂತ ನೋಡೋಕೇ ಗಡಿಯಾರದವರು 1960ರ ದಶಕದಿಂದ ಆಲನ್ ಡೀವಿಯೇಷನ್ ಅನ್ನೋ ಗ್ರಾಫ್ ಹಾಕ್ತಾರೆ. ಸೆನ್ಸರ್ ಮಾರೋರು ಈ ಗ್ರಾಫ್ ತೋರಿಸ್ದೆ ಬರೀ ಸೆನ್ಸಿಟಿವಿಟಿ ನಂಬರ್ ಹೇಳಿದ್ರೆ ನಾನಂತೂ ನಂಬಲ್ಲ.

ವಜ್ರದಲ್ಲಿ ಈ ಡ್ರಿಫ್ಟ್ ಎಲ್ಲಿಂದ ಬರತ್ತೆ ನೋಡಿ. ಆ 2.87 ಗಿಗಾಹರ್ಟ್ಸ್ ಇದ್ಯಲ್ಲ, ವಜ್ರ ಒಂದು ಡಿಗ್ರಿ ಬಿಸಿ ಆದ್ರೆ ಸುಮಾರು 74 ಕಿಲೋಹರ್ಟ್ಸ್ ಕೆಳಗಿಳಿಯತ್ತೆ. ಮೈಕ್ರೋಟೆಸ್ಲಾಗೆ 28 ಕಿಲೋಹರ್ಟ್ಸ್ ಲೆಕ್ಕದಲ್ಲಿ ಭಾಗಿಸಿದ್ರೆ 2.6 ಮೈಕ್ರೋಟೆಸ್ಲಾ ಸುಳ್ಳು ಕ್ಷೇತ್ರ. ನಿಮ್ಮ ಹೃದಯದ ಸಿಗ್ನಲ್ಲಿಗಿಂತ ಇಪ್ಪತ್ತಾರು ಸಾವಿರ ಪಟ್ಟು! ಏಸಿ ಆನ್ ಆಫ್ ಆದ್ರೆ ಸಾಕು, ಆವರೇಜ್ ಮಾಡ್ಕೊಂಡ್ ಕೂತವನ ಕಥೆ ಮುಗೀತು. ಯಾವ ಮಾಡೆಲ್ ಹಾಕಿದ್ರೂ, ಆ ಒಂದೇ ಡಿಪ್ಪಿನ ಡೇಟಾದಲ್ಲಿ ಬಿಸಿ ಯಾವುದು ಕ್ಷೇತ್ರ ಯಾವುದು ಅನ್ನೋ ಮಾಹಿತೀನೇ ಇಲ್ಲ, ಇಲ್ಲದ್ದನ್ನ ಮಾಡೆಲ್ ಎಲ್ಲಿಂದ ತರತ್ತೆ?

ಆದ್ರೆ ಡಿಪ್ ಎರಡಿದೆ ಅಂದೆ ಅಲ್ವಾ. ಕ್ಷೇತ್ರ ಅವೆರಡನ್ನ ಒಂದನ್ನೊಂದರಿಂದ ದೂರ ತಳ್ಳತ್ತೆ, ಬಿಸಿ ಎರಡನ್ನೂ ಒಟ್ಟಿಗೆ ಒಂದೇ ಕಡೆ ಎಳೆಯತ್ತೆ. ಎರಡನ್ನೂ ಒಟ್ಟಿಗೆ ಅಳೆದು ಕಳೆದ್ರೆ ಕ್ಷೇತ್ರ, ಕೂಡಿದ್ರೆ ಟೆಂಪರೇಚರ್. ಒಂದೇ ವಜ್ರದಲ್ಲಿ ಥರ್ಮಾಮೀಟರ್ ಫ್ರೀ. ಇಲ್ಲಿ ಯಾವ ಭಯಂಕರ ಕ್ವಾಂಟಮ್ಮೂ ಇಲ್ಲ, ಬರೀ ಒಂದು ಕಳೆಯೋ ಲೆಕ್ಕ, ಆದ್ರೂ ಹೊರಗೆ ಕೆಲಸ ಮಾಡೋ ಸೆನ್ಸರಿಗೂ ಲ್ಯಾಬಲ್ಲಿ ಮಾತ್ರ ಮಾಡೋದಕ್ಕೂ ವ್ಯತ್ಯಾಸ ಬಹಳ ಸಲ ಇಷ್ಟರಲ್ಲೇ ಇರತ್ತೆ.

ಮಷೀನ್ ಲರ್ನಿಂಗ್ ಬೇಡ ಅಂತಲ್ಲ. ಪಕ್ಕದಲ್ಲಿ ಇನ್ನೊಂದು ಸೆನ್ಸರ್ ಇಟ್ಟು ಅದು ಬರೀ ಊರ ನಾಯ್ಸ್ ರೆಕಾರ್ಡ್ ಮಾಡ್ತಿದ್ರೆ, ಅದನ್ನ ನೋಡ್ಕೊಂಡು ಇದರಲ್ಲಿ ಎಷ್ಟು ಕಳೀಬೇಕು ಅಂತ ಕಲಿಯೋಕೆ ಅದು ಒಳ್ಳೇದೇ. ಎರಡನೇ ಸೆನ್ಸರ್ ಇರ್ಬೇಕು ಅಷ್ಟೇ.

ಪ್ರಶ್ನೆ: ಎಂಟ್ಯಾಂಗಲ್ಮೆಂಟ್ ಮಾಡಿದ್ರೆ ಸೆನ್ಸಿಟಿವಿಟಿ ಎಷ್ಟೋ ಪಟ್ಟು ಏರತ್ತೆ ಅಂತ ಎಲ್ಲಾ ಕಡೆ ಬರೀತಾರೆ. ಹಾಗಿದ್ರೆ ಎಲ್ಲಾ ಸೆನ್ಸರಲ್ಲೂ ಅದನ್ನೇ ಹಾಕ್ಬಹುದಲ್ಲ? (ಪಿಯು ಲೆಕ್ಚರರ್, ಜಯನಗರ)

ಎಲ್ಲಾ ಕಡೆ ಬರೆಯೋರು ನಾಯ್ಸ್ ಇಲ್ಲದ ಪ್ರಪಂಚದ ಲೆಕ್ಕ ಬರೀತಾರೆ ಮೇಡಂ. ಆ ಪ್ರಪಂಚದಲ್ಲಿ ನೂರು ಪರಮಾಣು ಬಿಡಿಬಿಡಿಯಾಗಿ ಅಳೆದ್ರೆ ಒಂದಕ್ಕಿಂತ ಹತ್ತು ಪಟ್ಟು ನಿಖರ, ಅಂದ್ರೆ ವರ್ಗಮೂಲದಷ್ಟು. ನೂರನ್ನೂ ಎಂಟ್ಯಾಂಗಲ್ ಮಾಡಿ (ಒಂದೇ ಕ್ವಾಂಟಮ್ ಸ್ಥಿತೀಲಿ ಹೆಣೆದು) ಅಳೆದ್ರೆ ನೂರು ಪಟ್ಟು, ಇದು ಹೈಸೆನ್‌ಬರ್ಗ್ ಲಿಮಿಟ್. ಯಾಕಂದ್ರೆ ಎಂಟ್ಯಾಂಗಲ್ ಆದ ಗುಂಪು ನೂರು ಪಟ್ಟು ವೇಗವಾಗಿ ಫೇಸ್ ಕೂಡಿಹಾಕತ್ತೆ.

ಈಗ ಒಂದೊಂದು ಪರಮಾಣುಗೂ ತನ್ನದೇ ಆದ ನಾಯ್ಸ್ ಹಾಕಿ. ನೂರರಲ್ಲಿ ಯಾವುದೋ ಒಂದಕ್ಕೆ ತಟ್ಟಿದ್ರೂ ಇಡೀ ಗುಂಪಿನ ಫೇಸ್ ಹಾಳು, ಹಂಗಾಗಿ ಗುಂಪು ನೂರು ಪಟ್ಟು ಬೇಗ ಸಾಯತ್ತೆ. ವೇಗ ನೂರು ಪಟ್ಟು, ಆಯಸ್ಸು ನೂರರಲ್ಲೊಂದು. ಅಳತೆ ಹೊತ್ತನ್ನ ಎರಡಕ್ಕೂ ಅವರವರಿಗೆ ಬೇಕಾದ ಹಾಗೆ ಬೆಸ್ಟಾಗಿ ಆರಿಸ್ಕೊಳ್ಳೋಕೆ ಬಿಟ್ರೂ, ಎಂಟ್ಯಾಂಗಲ್ ಆದ ಗುಂಪಿನ ಉತ್ತರ ಬಿಡಿಬಿಡಿ ಪರಮಾಣುಗಳದ್ದಕ್ಕೆ ಸರಿಸಮ ಬರತ್ತೆ, ಒಂದು ಪೈಸೆ ಜಾಸ್ತಿ ಇಲ್ಲ. ಇದನ್ನ ಸುಸಾನಾ ಹುಯೆಲ್ಗಾ ಮತ್ತು ಜೊತೆಗಾರರು 1997ರಲ್ಲೇ ಲೆಕ್ಕ ಹಾಕಿ ತೋರಿಸಿದ್ರು. ಇಷ್ಟು ಹಳೇ ರಿಸಲ್ಟ್ ಇದು, ಆದ್ರೂ ಇವತ್ತಿಗೂ ಹೈಸೆನ್‌ಬರ್ಗ್ ಲಿಮಿಟ್ ಅಂತ ಸ್ಲೈಡಲ್ಲಿ ಹಾಕಿ ಫಂಡಿಂಗ್ ಕೇಳೋರು ಇದನ್ನ ಹೇಳೋದೇ ಇಲ್ಲ.

ಒಂದು ಸಂದು ಇದೆ. ಆ ಲೆಕ್ಕ ನಾಯ್ಸಿಗೆ ನೆನಪೇ ಇಲ್ಲ, ಪ್ರತಿ ಕ್ಷಣ ಹೊಸದು ಅಂತ ಇಟ್ಕೊಂಡಿದ್ದು. ನಾಯ್ಸ್ ನಿಧಾನಕ್ಕೆ ಬದಲಾಗೋದಾದ್ರೆ ಶುರುವಿನ ಸ್ವಲ್ಪ ಹೊತ್ತು ಅದು ಇನ್ನೂ ಕೈಚಳಕ ತೋರಿಸಿರಲ್ಲ, ಅಷ್ಟರೊಳಗೆ ಅಳೆದು ಮುಗಿಸಿದ್ರೆ ವರ್ಗಮೂಲಕ್ಕಿಂತ ಸ್ವಲ್ಪ ಜಾಸ್ತಿ ಗಿಟ್ಟತ್ತೆ.

ಲೋಕಕ್ಕೆ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಇದಕ್ಕಿಂತ ಸಾಧು ಸ್ವಭಾವದ ಇನ್ನೊಂದು ದಾರಿ, ಸ್ಕ್ವೀಝಿಂಗ್. 1981ರಲ್ಲಿ ಕಾರ್ಲ್‌ಟನ್ ಕೇವ್ಸ್ ಹೇಳಿದ್ರು: ಬೆಳಕಿನ ಕ್ವಾಂಟಮ್ ಏರುಪೇರನ್ನ ಪೂರ್ತಿ ತೆಗೆಯಕ್ಕಾಗಲ್ಲ, ಆದ್ರೆ ನಮಗೆ ಬೇಕಾದ ಅಳತೇಲಿ ಕಮ್ಮಿ ಮಾಡಿ ಬೇಡದ ಕಡೆಗೆ ತಳ್ಳಬಹುದು ಅಂತ. ಗುರುತ್ವ ಅಲೆ ಹಿಡಿಯೋ ಲೈಗೋ ಅದನ್ನ 2019ರಲ್ಲಿ ಶುರುವಾದ ಮೂರನೇ ರನ್‌ನಿಂದ ರೆಗ್ಯುಲರ್ ಆಗಿ ಬಳಸ್ತಿದೆ, ಆಮೇಲೆ 300 ಮೀಟರ್ ಉದ್ದದ ಫಿಲ್ಟರ್ ಕ್ಯಾವಿಟಿ ಕಟ್ಟಿ ಯಾವ ಫ್ರೀಕ್ವೆನ್ಸೀಲಿ ಯಾವ ಕಡೆ ಒತ್ತಬೇಕು ಅನ್ನೋದನ್ನೂ ಬದಲಾಯಿಸೋ ಹಾಗೆ ಮಾಡಿದ್ರು. ಇದೇ ಕುಟುಂಬದ ಇನ್ನೊಂದು ಡಿಟೆಕ್ಟರ್ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೇಲಿ ಲೈಗೋ-ಇಂಡಿಯಾ ಅಂತ ಬರತ್ತೆ. ಇದರಲ್ಲೂ ನಾಯ್ಸ್ ಬಿಡಲ್ಲ ಮತ್ತೆ, ಹತ್ತು ಡೆಸಿಬೆಲ್ ಸ್ಕ್ವೀಝ್ ಮಾಡಿದ ಬೆಳಕಲ್ಲಿ ದಾರೀಲಿ ಅರ್ಧ ಸೋರಿಹೋದ್ರೆ ಉಳಿಯೋದು 2.6 ಡೆಸಿಬೆಲ್ ಮಾತ್ರ. ಅದಕ್ಕೇ ಅಲ್ಲಿ ಕನ್ನಡಿ ಕೋಟಿಂಗ್ ಮಾಡೋರು ದೇವರು.

ಪ್ರಶ್ನೆ: ಕ್ವಾಂಟಮ್ ಕಂಪ್ಯೂಟರಲ್ಲಿ ಎರರ್ ಕರೆಕ್ಷನ್ ಇದ್ಯಲ್ಲ, ಅದನ್ನ ಸೆನ್ಸರಿಗೆ ಹಾಕಿದ್ರೆ ಸಿಗ್ನಲ್ಲನ್ನೂ ಎರರ್ ಅಂತ ಸರಿಮಾಡಿಬಿಡಲ್ವಾ? (ಪಿಎಚ್‌ಡಿಗೆ ಟ್ರೈ ಮಾಡ್ತಿರೋವ್ರು, ಹೆಬ್ಬಾಳ)

ಮಾಡಿಬಿಡತ್ತೆ, ಅದೇ ಪಾಯಿಂಟ್. ಸಿಗ್ನಲ್ ಸ್ಪಿನ್ನನ್ನ ಒಂದು ಅಕ್ಷದ ಸುತ್ತ ತಿರುಗಿಸ್ತಿದೆ, ನಾಯ್ಸ್ ಬೇರೆ ಅಕ್ಷದ ಸುತ್ತ ತಳ್ತಿದೆ ಅಂದ್ರೆ, ನಾಯ್ಸಿಂದ್ ಮಾತ್ರ ಗುರುತು ಹಿಡಿದು ವಾಪಸ್ ತಿರುಗಿಸೋ ಕೋಡ್ ಬರೀಬಹುದು, ಆಗ ಹೈಸೆನ್‌ಬರ್ಗ್ ಲಿಮಿಟ್ಟೇ ಮತ್ತೆ ಸಿಗತ್ತೆ. ಎರಡೂ ಒಂದೇ ಅಕ್ಷದಲ್ಲಿದ್ರೆ ಕೋಡಿಗೆ ಬೇರೆ ಮಾಡೋಕೆ ದಾರಿ ಇಲ್ಲ. 2018ರಲ್ಲಿ ಝೌ, ಝಾಂಗ್, ಪ್ರೆಸ್ಕಿಲ್, ಜಿಯಾಂಗ್ ಸೇರಿ ಇದನ್ನ ಗಣಿತದಲ್ಲಿ ಕಟ್ಟುನಿಟ್ಟಾಗಿ ಬರೆದ್ರು, ಸಿಗ್ನಲ್ಲಿನ ಹ್ಯಾಮಿಲ್ಟೋನಿಯನ್ನು (ಸ್ಪಿನ್ನನ್ನ ತಿರುಗಿಸೋ ಭಾಗ) ಲಿಂಡ್‌ಬ್ಲಾಡ್ ಸ್ಪ್ಯಾನ್ (ನಾಯ್ಸ್ ಮಾಡಬಲ್ಲ ಬದಲಾವಣೆಗಳ ಗುಂಪು) ಒಳಗೆ ಇರಬಾರದು ಅನ್ನೋ ಕಂಡೀಷನ್ ಅದೇ. ಇಂಟರ್ವ್ಯೂಲಿ ಕೇಳ್ತಾರೆ, ಓದ್ಕೊಂಡ್ ಹೋಗಿ.

ಬೇಜಾರಿನ ವಿಷಯ ಏನಂದ್ರೆ ಎನ್‌ವಿಯಲ್ಲಿ ಸಿಗ್ನಲ್ಲೂ ಫೇಸ್ ಅಳಿಸೋ ನಾಯ್ಸೂ ಎರಡೂ ಒಂದೇ ಅಕ್ಷದ್ದು, ಅಂದ್ರೆ ಅತೀ ಕೆಟ್ಟ ಕೇಸು. ಆಗ ಬೇರೆ ವ್ಯತ್ಯಾಸ ಹುಡುಕ್ಬೇಕು. ಸೆನ್ಸರ್ ಹಲವಾರು ಇದ್ದು, ಅವುಗಳ ಮೇಲೆ ನಾಯ್ಸ್ ಹರಡಿರೋ ರೀತಿ ಒಂದು, ಸಿಗ್ನಲ್ ಹರಡಿರೋ ರೀತಿ ಇನ್ನೊಂದು ಅಂದ್ರೆ ಅಕ್ಷ ಒಂದೇ ಆದ್ರೂ ಬೇರ್ಪಡಿಸಬಹುದು ಅಂತ ಲೇಡನ್ ಮತ್ತು ಕಪೆಲ್ಲಾರೋ ತೋರಿಸಿದಾರೆ. ಲ್ಯಾಬಿಂದ ಆಚೆ ಈ ಕೋಡ್ ಹಾಕಿರೋ ಸೆನ್ಸರ್ ಸದ್ಯಕ್ಕೆ ಕೊಂಡ್ಕೊಳ್ಳೋ ಮಾತಲ್ಲ.

ಪ್ರಶ್ನೆ: ನಮ್ಮ ಮಗನಿಗೆ ಎಪಿಲೆಪ್ಸಿ ಇದೆ, ನಿಮ್ಹಾನ್ಸಲ್ಲಿ ಎಂಇಜಿ ಮಷೀನ್ ಬಗ್ಗೆ ಕೇಳಿದ್ವಿ. ಈ ಹೊಸ ಕ್ವಾಂಟಮ್ ಸೆನ್ಸರ್ ಅದಕ್ಕಿಂತ ಚೆನ್ನಾಗಿರತ್ತಾ? (ಮಾಗಡಿ ರೋಡ್)

ಮೊದಲು ಒಂದು ಮಾತು, ಈಗಿರೋ ಎಂಇಜಿಯಲ್ಲಿರೋ (ಮಿದುಳಿನ ಅಯಸ್ಕಾಂತ ಕ್ಷೇತ್ರ ಅಳೆಯೋ ಮಷೀನು) ಸ್ಕ್ವಿಡ್‌ಗಳೂ ಕ್ವಾಂಟಮ್ ಸೆನ್ಸರ್‌ಗಳೇ, ಸೂಪರ್‌ಕಂಡಕ್ಟರ್ ರಿಂಗುಗಳು. ಮಿದುಳಿನ ಕ್ಷೇತ್ರ ನೂರು ಫೆಮ್ಟೋಟೆಸ್ಲಾ ಆಸುಪಾಸು, ಅದನ್ನ ಹಿಡಿಯೋದ್ರಲ್ಲಿ ಅವು ಗಟ್ಟಿ. ಡಾಕ್ಟರ್ ಅದನ್ನ ಮಾಡಿಸಿ ಅಂದ್ರೆ ಹೊಸದು ಬರ್ಲಿ ಅಂತ ಕಾಯ್ಬೇಡಿ.

ಹೊಸದು ಅಂದ್ರೆ ಒಪಿಎಂ, ಬಿಸಿ ಮಾಡಿದ ರುಬಿಡಿಯಮ್ ಆವಿ ತುಂಬಿದ ಪುಟ್ಟ ಗಾಜಿನ ಗೂಡು, ಅದರೊಳಗೆ ಲೇಸರ್ ಬಿಟ್ಟು ಕ್ಷೇತ್ರ ಓದ್ತಾರೆ. ಇದರಲ್ಲಿ ಒಂದು ಮಜಾ ಇದೆ. ನಾಯ್ಸ್ ನಂಬರ್ ಮಾತ್ರ ನೋಡಿದ್ರೆ ಮಾಮೂಲಿ ಒಪಿಎಂ ಸ್ಕ್ವಿಡ್‌ಗಿಂತ ಸ್ವಲ್ಪ ಹಿಂದೇನೇ, ಅದರದ್ದೇ ನಾಯ್ಸ್ ಜಾಸ್ತಿ. ಆದ್ರೆ ಸ್ಕ್ವಿಡ್ ದ್ರವ ಹೀಲಿಯಮ್ಮಲ್ಲಿ ಮೈನಸ್ 269 ಡಿಗ್ರೀಲಿ ಇರ್ಬೇಕು, ಮಧ್ಯೆ ಇನ್ಸುಲೇಷನ್ ಬೇಕು, ಹಂಗಾಗಿ ತಲೆಯಿಂದ ಸುಮಾರು ಒಂದು ಇಂಚು ದೂರ. ಒಪಿಎಂ ನೆತ್ತಿಗೆ ಕೆಲವೇ ಮಿಲಿಮೀಟರ್ ಹತ್ರ ಬರತ್ತೆ, ಅಲ್ಲಿ ಸಿಗ್ನಲ್ಲೇ ಜೋರಾಗಿರತ್ತೆ, ಮಿದುಳು ಹತ್ರ ಇದೆ ಮೆಟ್ರೋ ದೂರ ಇದೆ ಅನ್ನೋ ವ್ಯತ್ಯಾಸ ಇನ್ನೂ ಹೆಚ್ಚಾಗತ್ತೆ. ನಾಯ್ಸ್ ಕಮ್ಮಿ ಮಾಡದೆ ಗೆದ್ದಿದ್ದು ಇದು. 2018ರಲ್ಲಿ ನಾಟಿಂಗ್‌ಹ್ಯಾಮ್ ಗುಂಪು ತಲೆಗೆ ಹಾಕ್ಕೊಳ್ಳೋ ಹೆಲ್ಮೆಟ್ ಥರ ಮಾಡಿ ತೋರಿಸಿದ್ರು, ಹಾಕ್ಕೊಂಡವರು ತಲೆ ಅಲ್ಲಾಡಿಸಬಹುದು, ಅಲ್ಲಾಡದೆ ಕೂರದ ಮಕ್ಕಳ ವಿಷಯದಲ್ಲಿ ಇದು ದೊಡ್ಡ ಅನುಕೂಲ.

ಆದ್ರೆ ಈ ಸೆನ್ಸರ್ ಇಷ್ಟು ಸೂಕ್ಷ್ಮ ಇರೋದು ಹತ್ತಿರ ಹತ್ತಿರ ಸೊನ್ನೆ ಕ್ಷೇತ್ರದಲ್ಲಿ ಮಾತ್ರ. ಭೂಮಿಯ 40 ಮೈಕ್ರೋಟೆಸ್ಲಾನ ಮ್ಯೂ-ಮೆಟಲ್ ರೂಮಲ್ಲಿ ತಡೆದು, ಉಳಿದಿದ್ದನ್ನ ಅಕ್ಕಪಕ್ಕ ಕಾಯಿಲ್ ಇಟ್ಟು ಸೊನ್ನೆ ಮಾಡ್ಬೇಕು. ಆ ರೂಮ್ ಖರ್ಚು ಸಣ್ಣದಲ್ಲ.

ಪ್ರಶ್ನೆ: ಗ್ರಾವಿಟಿ ಸೆನ್ಸರ್ ಇಟ್ಟು ನೆಲದೊಳಗೆ ಏನಿದೆ ಅಂತ ನೋಡ್ಬಹುದಂತೆ. ಬೋರ್‌ವೆಲ್ ಪಾಯಿಂಟ್ ಹಾಕೋಕೆ ಆಗತ್ತಾ? (ಸಿವಿಲ್ ಕಾಂಟ್ರಾಕ್ಟರ್, ಕೆಂಗೇರಿ)

ತೆಂಗಿನಕಾಯಿ ಕೈಲಿ ಹಿಡ್ಕೊಂಡು ಓಡಾಡೋರ ಹೊಟ್ಟೆ ಮೇಲೆ ಸದ್ಯಕ್ಕೇನೂ ಹೊಡೆತ ಇಲ್ಲ. ನಮ್ಮ ಕೆಳಗಿರೋದು ಲಾಲ್‌ಬಾಗ್ ಬಂಡೆ ಥರದ ಗಟ್ಟಿ ನೈಸ್ (gneiss) ಕಲ್ಲು, ನೀರಿರೋದು ಅದರ ಸಣ್ಣ ಸಣ್ಣ ಬಿರುಕಲ್ಲಿ, ಅಷ್ಟಕ್ಕೆ ಗುರುತ್ವ ಬದಲಾಗೋದು ತೀರಾ ಕಮ್ಮಿ. ಖಾಲಿ ಸುರಂಗ, ಮುಚ್ಚಿಹೋದ ದೊಡ್ಡ ಮೋರಿ, ಇಂಥದ್ದಾದ್ರೆ ಮಾತು ಬೇರೆ.

2022ರಲ್ಲಿ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯವರು ರೋಡ್ ಕೆಳಗಿದ್ದ ಎರಡು ಮೀಟರ್ ಅಗಲದ ಸುರಂಗವನ್ನ ಹೊರಗಡೆ ಬಯಲಲ್ಲೇ ನಿಂತು ಹಿಡಿದ್ರು. ಗುರುತ್ವ ಅಳೆಯೋ ಯಂತ್ರಕ್ಕೆ ದೊಡ್ಡ ಶತ್ರು ನೆಲದ ನಡುಕ, ಲಾರಿ ಹೋದ್ರೆ ಬರೋ ನಡುಕಕ್ಕೂ ಗುರುತ್ವಕ್ಕೂ ಒಂದೇ ಸೆನ್ಸರಲ್ಲಿ ವ್ಯತ್ಯಾಸಾನೇ ಗೊತ್ತಾಗಲ್ಲ, ಐನ್‌ಸ್ಟೈನ್ ಹೇಳಿದ್ದೂ ಅದೇ ತಾನೆ. ಅದಕ್ಕೆ ಅವರು ತಣ್ಣಗೆ ಮಾಡಿದ ರುಬಿಡಿಯಮ್ ಪರಮಾಣುಗಳ ಎರಡು ಮೋಡಗಳನ್ನ ಒಂದರ ಮೇಲೊಂದು, ಮಧ್ಯೆ ಒಂದು ಮೀಟರ್ ಬಿಟ್ಟು, ಒಂದೇ ಲೇಸರಿಂದ ಅಳೆದು ವ್ಯತ್ಯಾಸ ತೆಗೆದ್ರು. ನಡುಕ ಎರಡಕ್ಕೂ ಒಂದೇ, ಹೊಡ್ಕೊಂಡು ಹೋಯ್ತು. ಕೆಳಗಿನ ಸುರಂಗ ಮಾತ್ರ ಕೆಳಗಿನ ಮೋಡಕ್ಕೆ ಸ್ವಲ್ಪ ಹತ್ರ, ಅದು ಉಳೀತು. ನಮ್ಮಲ್ಲಿ ರಸ್ತೆ ಅಗೆದು ಪೈಪ್ ಒಡೆದ ಮೇಲೆ ಅಲ್ಲಿ ಪೈಪ್ ಇತ್ತು ಅಂತ ಗೊತ್ತಾಗೋದು, ಅದಕ್ಕೆ ಮುಂಚೆ ಗೊತ್ತಾಗೋ ಹಾಗಾದ್ರೆ ನಂಗೂ ಖುಷಿ, ಆದ್ರೆ ಪೈಪ್ ಅಷ್ಟು ಸಣ್ಣದನ್ನ ಹಿಡಿಯೋಕೆ ಇನ್ನೂ ದೂರ ಇದೆ.

ಪ್ರಶ್ನೆ: ನಮ್ಮ ಕಾಲೇಜಲ್ಲಿ ಫೈನಲ್ ಇಯರ್ ಪ್ರಾಜೆಕ್ಟಿಗೆ ಎನ್‌ವಿ ವಜ್ರದ ಸೆನ್ಸರ್ ಮಾಡ್ಬಹುದಾ? ದುಡ್ಡು ಕಮ್ಮಿ ಇದೆ. (ಮೂವರು ವಿದ್ಯಾರ್ಥಿಗಳು, ರಾಜರಾಜೇಶ್ವರಿನಗರ)

ಮಾಡಬಹುದು. ಎನ್‌ವಿ ಇರೋ ವಜ್ರದ ಪುಡಿ ಆನ್‌ಲೈನ್ ಸಿಗತ್ತೆ, ಹಸಿರು ಲೇಸರ್, ಹಸಿರು ತಡೆದು ಕೆಂಪು ಬಿಡೋ ಫಿಲ್ಟರ್, ಎರಡು ಫೋಟೋಡಯೋಡ್, ಎಡಿಎಫ್4351 ಚಿಪ್ ಇರೋ ಬೋರ್ಡ್, ಅದು 4.4 ಗಿಗಾಹರ್ಟ್ಸ್ ತನಕ ಕೊಡೋದ್ರಿಂದ 2.87 ಆರಾಮಾಗಿ ಬರತ್ತೆ, ಜೊತೆಗೆ ಒಂದು ಆಂಪ್ಲಿಫೈಯರ್. ಮೊದಲು ಎಸ್‌ಪಿ ರೋಡಲ್ಲಿ ಒಂದು ರೌಂಡ್ ಹೊಡೀರಿ, ಸಿಗದಿದ್ದನ್ನ ಮಾತ್ರ ಆರ್ಡರ್ ಮಾಡಿ.

ಡಿಪ್ ಕಾಣಲ್ಲ ಅಂತ ಹೆದರಬೇಡಿ, ಅದು ಇರೋದೇ ಒಂದೆರಡು ಪರ್ಸೆಂಟ್, ಲೇಸರ್ ಏರಿಳಿತ ಅದನ್ನ ನುಂಗಿ ಹಾಕತ್ತೆ. ಅದಕ್ಕೇ ಎರಡು ಫೋಟೋಡಯೋಡ್ ಅಂದಿದ್ದು, ಲೇಸರಲ್ಲಿ ಸ್ವಲ್ಪ ಕದ್ದು ಒಂದಕ್ಕೆ ನೇರ ಬಿಡಿ, ವಜ್ರದ ಕೆಂಪು ಇನ್ನೊಂದಕ್ಕೆ, ಕಳೀರಿ. ಆಮೇಲೆ ಮೈಕ್ರೋವೇವ್ ಫ್ರೀಕ್ವೆನ್ಸಿನ ಕೆಲವು ಕಿಲೋಹರ್ಟ್ಸಲ್ಲಿ ಅತ್ತಿತ್ತ ಅಲ್ಲಾಡಿಸಿ ಅದೇ ತಾಳಕ್ಕೆ ಬರೋ ಸಿಗ್ನಲ್ ಮಾತ್ರ ಓದಿ, ಲಾಕ್-ಇನ್ ಅಂದ್ರೆ ಇಷ್ಟೇ, ಮೈಕ್ರೋಕಂಟ್ರೋಲರಲ್ಲೇ ಬರೀಬಹುದು. ಆ ಅಲ್ಲಾಡಿಸೋ ಫ್ರೀಕ್ವೆನ್ಸಿನ 50 ಹರ್ಟ್ಸಿನ ಗುಣಿತದ ಮೇಲೆ ಇಡಬೇಡಿ. ಎಲ್ಲಾ ಉಪಕರಣಕ್ಕೂ ಒಂದೇ ಕಡೆ ಗ್ರೌಂಡ್ ಕೊಡಿ, ಒಂದು ಪ್ಲಗ್ ಆ ಗೋಡೆ ಇನ್ನೊಂದು ಈ ಗೋಡೆ ಆದ್ರೆ ಗ್ರೌಂಡ್ ಲೂಪಲ್ಲೇ ಸೆಮಿಸ್ಟರ್ ಮುಗಿಯತ್ತೆ. ಡಿಪ್ ಸಿಕ್ಕ ಮೇಲೆ ಫ್ರಿಜ್ಜಿನ ಮ್ಯಾಗ್ನೆಟ್ ಹತ್ರ ತನ್ನಿ, ಪುಡಿಯಲ್ಲಿ ಹರಳುಗಳು ಎಲ್ಲಾ ದಿಕ್ಕಿಗೂ ಇರೋದ್ರಿಂದ ಚೂಪಾಗಿ ಎರಡಾಗಲ್ಲ, ಅಗಲವಾಗಿ ಹರಡ್ಕೊಳ್ಳತ್ತೆ, ಅದು ನಿಮ್ಮ ತಪ್ಪಲ್ಲ. ಸಿಂಗಲ್ ಕ್ರಿಸ್ಟಲ್ ವಜ್ರ ಎಲ್ಲಾದ್ರೂ ಸಾಲ ಸಿಕ್ರೆ ಗೆರೆಗಳು ಬಿಡಿಬಿಡಿಯಾಗಿ ಕಾಣತ್ತೆ.

ಮುಂದೆ ಓದೋದಾದ್ರೆ ನಮ್ಮೂರಲ್ಲೇ ಐಐಎಸ್ಸಿ, ರಾಮನ್ ಇನ್‌ಸ್ಟಿಟ್ಯೂಟ್ ಇವೆ, ಎರಡರಲ್ಲೂ ಕ್ವಾಂಟಮ್ ಕೆಲಸ ನಡೀತಿದೆ. 2023ರಲ್ಲಿ ಕೇಂದ್ರ ಸರ್ಕಾರ 6,003 ಕೋಟಿಯ ನ್ಯಾಷನಲ್ ಕ್ವಾಂಟಮ್ ಮಿಷನ್ ಮಾಡ್ತಲ್ಲ, ಅದರಲ್ಲಿ ಕಂಪ್ಯೂಟಿಂಗ್ ಹಬ್ ಐಐಎಸ್ಸಿಗೆ ಬಂತು, ಸೆನ್ಸಿಂಗ್ ಹಬ್ ಐಐಟಿ ಬಾಂಬೆಗೆ ಹೋಯ್ತು, ವಜ್ರದ ಮೈಕ್ರೋಸ್ಕೋಪ್ ಕೆಲಸ ಅಲ್ಲೇ ನಡೀತಿರೋದು. ಇಂಟರ್ನ್‌ಶಿಪ್ಪಿಗೆ ಮೇಲ್ ಹಾಕುವಾಗ ಡಿಪ್ಪಿನ ಗ್ರಾಫ್ ಒಂದು ಅಟ್ಯಾಚ್ ಮಾಡಿ, ಮಾರ್ಕ್ಸ್ ಕಾರ್ಡಿಗಿಂತ ಅದನ್ನ ನೋಡ್ತಾರೆ.

ಮತ್ತೆ, ಕಮ್ಮಿ ದುಡ್ಡಿನ ಹಸಿರು ಲೇಸರಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡೂ ಸೋರತ್ತೆ, ಅದನ್ನೂ ತಡೆಯೋ ಗಾಗಲ್ಸ್ ಮೂರು ಜನಕ್ಕೂ ತಗೊಳ್ಳೋವರೆಗೆ ಸ್ವಿಚ್ ಮುಟ್ಟಬೇಡಿ.